ಹಳೆಯ ಕಾರಿನ ನೆಲವೂ ಅದರ ಸದ್ದೂ

ತಗಡಿನ ತಟ್ಟೆಯನ್ನು ನಾವು ಬೆರಳಿನಿಂದ ಬಾರಿಸಿದರೆ ಅದು ಝಣತ್ಕರಿಸುವುದು. ಬೆನ್ನಿಗೆ ಜೇಡಿಮಣ್ಣು ಮೆತ್ತಿ ಬಾರಿಸಿದರೆ ಸದ್ದು ಅಲ್ಲಿಯೇ ಅಡಗುವುದು. ಜರ್ಮನಿಯಲ್ಲಿ ಹುಟ್ಟಿ, 2003ರಲ್ಲಿ ತಯಾರಿಕೆ ನಿಂತ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನೆಲಕ್ಕೆ ಡಾಂಬರಿನ ಹಾಳೆ ಅಂಟಿಸುತ್ತಿದ್ದುದು ಈ ತತ್ತ್ವದಿಂದಲೇ. ನಡುಗುವ ತಗಡಿನೊಡನೆ ಬಾಗುವ ಡಾಂಬರು, ತನ್ನ ಒಳಘರ್ಷಣೆಯಿಂದ ಕಂಪನದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು.

ದಶಕಗಳು ಕಳೆದಂತೆ ಡಾಂಬರು ಗಡುಸಾಗಿ ಬಿರಿಯುವುದು. ಬಿರುಕಿಗಿಳಿದ ನೀರು ಕಣ್ಣಿಗೆ ಕಾಣದೆ ತಗಡನ್ನು ತಿನ್ನುವುದು. ಬೀಟಲಿನಲ್ಲಿ ಹಿಂದಿನ ಸೀಟಿನಡಿಯ ಬ್ಯಾಟರಿಯಿಂದ ಸೋರಿದ ಆಮ್ಲವೂ ಅದಕ್ಕೆ ನೆರವಾಗುವುದು. ಹಳೆಯದರ ಮೇಲೆಯೇ ಹೊಸದನ್ನು ಅಂಟಿಸುವವರೂ ಉಂಟು. ಅದು ತುಕ್ಕಿಗೆ ಕಂಬಳಿ ಹೊದಿಸಿದಂತೆ.

ಹಳೆಯದನ್ನು ಕೀಳಲು ಕೆಲವರು ಒಣ ಮಂಜುಗಡ್ಡೆಯನ್ನು, ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡನ್ನು, ಅದರ ಮೇಲೆ ಹರಡುವರು. ಶೂನ್ಯಕ್ಕಿಂತ 78 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಆ ಚಳಿಗೆ ಡಾಂಬರು ಪೆಡಸಾಗಿ, ಸುತ್ತಿಗೆಯ ಪೆಟ್ಟಿಗೆ ಗಾಜಿನಂತೆ ಒಡೆಯುವುದು. ಆದರೆ ಕರಗದೆ ನೇರವಾಗಿ ಅನಿಲವಾಗುವ ಈ ವಸ್ತು ಗಾಳಿಗಿಂತ ಭಾರ. ಕಾರಿನೊಳಗೆ ಶೇಖರವಾದರೆ ಉಸಿರುಕಟ್ಟಿ ಪ್ರಾಣಕ್ಕೇ ಅಪಾಯ. ಬಾಗಿಲು ತೆರೆದು, ಕೈಗವಸು ತೊಟ್ಟು, ಬಯಲಿನಲ್ಲಿ ಮಾಡತಕ್ಕ ಕೆಲಸವಿದು.

ತುಕ್ಕು ತೆಗೆದು ಬಣ್ಣ ಬಳಿದ ಮೇಲೆ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಬಹುದು. ನೆಲವನ್ನೆಲ್ಲ ಮುಚ್ಚಬೇಕಾದುದಿಲ್ಲ; ತಗಡು ಹೆಚ್ಚು ನಡುಗುವುದು ನಡುವಿನಲ್ಲಿ, ಅಂಚಿನಲ್ಲಲ್ಲ. ಗಾಳಿಯ ಮೂಲಕ ಬರುವ ಸದ್ದಿಗೆ ಮಾತ್ರ ಇದು ಸಾಲದು; ಮೆತ್ತನೆಯ ಪದರವನ್ನೂ ಅದರ ಮೇಲೆ ಭಾರವಾದ ಹಾಸನ್ನೂ ಹಾಕಬೇಕು.