ಕಿತ್ತುಕೊಳ್ಳುವ ಮೊದಲು ಕೈಗಿತ್ತವರು: ನಾರಾಯಣ ಗುರುಗಳು ಸಮಾಜವನ್ನು ನಡೆಸಿದ ಬಗೆ

ಪ್ರತಿ ವರ್ಷ ಬ್ರಹ್ಮಶ್ರೀ ನಾರಾಯಣ ಗುರುಗಳ ಜಯಂತಿ ಬಂತೆಂದರೆ ಮುಂಬಯಿ ಮತ್ತು ಉಪನಗರಗಳಲ್ಲಿ ಭಜನೆ, ಗುರುಪೂಜೆ, ಪ್ರತಿಭಾ ಪುರಸ್ಕಾರ, ಅನ್ನಸಂತರ್ಪಣೆಗಳು ಸಾಲುಸಾಲಾಗಿ ನಡೆಯುತ್ತವೆ. ಗುರುಗಳು ಏನನ್ನು ಬೋಧಿಸಿದರು ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ಬಾಯಿಪಾಠ. ಆದರೆ ಆ ಬೋಧನೆಯನ್ನು ಒಪ್ಪಲು ಸಿದ್ಧವಿಲ್ಲದ ಜನರನ್ನು ಅವರು ಹೇಗೆ ಒಪ್ಪಿಸಿದರು, ಎಲ್ಲಿ ಗೆದ್ದರು, ಎಲ್ಲಿ ತಮ್ಮವರಿಂದಲೇ ನೊಂದರು ಎಂಬುದು ವೇದಿಕೆಯ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಸಂಘ-ಸಂಸ್ಥೆಗಳನ್ನು ನಡೆಸುವವರಿಗೆ ನಿಜವಾಗಿ ಬೇಕಾದ ಪಾಠ ಇರುವುದು ಅಲ್ಲೇ.

ಗುರುಗಳಿಗೆ ಎರಡು ಕಡೆಯ ವಿರೋಧವಿತ್ತು. ಒಂದು ಮೇಲ್ಜಾತಿಯವರದು. ಅದು ನಿರೀಕ್ಷಿತವೇ. ಇನ್ನೊಂದು ಸ್ವಂತ ಸಮಾಜದವರದು. ಹಳೆಯ ಕಟ್ಟುಪಾಡುಗಳಿಂದ ನಷ್ಟ ಅನುಭವಿಸುತ್ತಿದ್ದವರೇ ಅವುಗಳನ್ನು ಬಿಡಲು ಒಪ್ಪುತ್ತಿರಲಿಲ್ಲ. ಈ ಎರಡನೆಯ ವಿರೋಧವನ್ನು ಗುರುಗಳು ನಿಭಾಯಿಸಿದ ರೀತಿ ಗಮನಾರ್ಹವಾಗಿದೆ.

ಅರುವಿಪುರದ ಕಲ್ಲು

ತಿರುವನಂತಪುರದ ಸಮೀಪದ ಚೆಂಬಳಂತಿಯಲ್ಲಿ ಈಳವ ಕುಟುಂಬದಲ್ಲಿ ಜನಿಸಿದ ನಾರಾಯಣ ಗುರುಗಳು ಸಂಸ್ಕೃತ, ಮಲಯಾಳ, ತಮಿಳು ಭಾಷೆಗಳಲ್ಲಿ ಪಾಂಡಿತ್ಯ ಪಡೆದವರು. ಆ ಕಾಲದಲ್ಲಿ ಈಳವರಿಗೆ ದೊಡ್ಡ ದೇವಸ್ಥಾನಗಳ ಒಳಗೆ ಪ್ರವೇಶವಿರಲಿಲ್ಲ. ಸರಕಾರಿ ನೌಕರಿಯ ಬಾಗಿಲೂ ಮುಚ್ಚಿತ್ತು. 1888ರ ಶಿವರಾತ್ರಿಯಂದು ಗುರುಗಳು ಅರುವಿಪುರದಲ್ಲಿ ನೆಯ್ಯಾರ್ ನದಿಯಿಂದ ತೆಗೆದ ಒಂದು ಕಲ್ಲನ್ನೇ ಶಿವನೆಂದು ಪ್ರತಿಷ್ಠಾಪಿಸಿದರು. ಈ ಅಧಿಕಾರ ಯಾರು ಕೊಟ್ಟರು ಎಂಬ ಪ್ರಶ್ನೆ ಎದ್ದಾಗ, ತಾನು ಪ್ರತಿಷ್ಠಾಪಿಸಿದ್ದು ಈಳವರ ಶಿವನನ್ನು ಎಂಬರ್ಥದ ಉತ್ತರ ನೀಡಿದರೆಂಬುದು ಪ್ರಸಿದ್ಧ. ಸಿಟ್ಟಿನ ಮಾತಿಲ್ಲ, ಬೀದಿ ಜಗಳವಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಕುಳಿತು ಕಾಯುವ ಬದಲು ಬೇರೆ ಬಾಗಿಲನ್ನೇ ಕಟ್ಟಿಕೊಟ್ಟರು.

ಆಗ ಈಳವರಲ್ಲಿ ಉಗ್ರ ದೇವತೆಗಳಿಗೆ ಕೋಳಿ, ಆಡುಗಳ ಬಲಿ ಕೊಟ್ಟು ಹೆಂಡದ ನೈವೇದ್ಯ ಇಡುವ ಪದ್ಧತಿ ಬೇರೂರಿತ್ತು. ಇದನ್ನು ಬಿಡಿ ಎಂದು ಬರೀ ಉಪದೇಶ ಮಾಡಿದ್ದರೆ ಜನ ಕೇಳುತ್ತಿರಲಿಲ್ಲ. ದೇವರು ಮುನಿದರೆ ಗತಿಯೇನು ಎಂಬ ಭಯ ಸಣ್ಣದಲ್ಲ. ಗುರುಗಳು ಊರೂರಿಗೆ ಹೋಗಿ, ಜನರ ಮನವೊಲಿಸಿ, ಅಂಥ ಗುಡಿಗಳಿದ್ದ ಜಾಗದಲ್ಲೇ ಶಿವ, ಸುಬ್ರಹ್ಮಣ್ಯ ಮೊದಲಾದ ದೇವರುಗಳನ್ನು ಸ್ಥಾಪಿಸಿದರು. ಕೈಮುಗಿಯಲು ಜನರಿಗೆ ಒಂದು ದೇವರು ಉಳಿಯಿತು, ಬಲಿ ಮಾತ್ರ ನಿಂತಿತು. ಗುರುಗಳ ಕಾರ್ಯವಿಧಾನದ ಗುಟ್ಟು ಇದೇ. ಒಂದು ವಸ್ತುವನ್ನು ತೆಗೆಯುವ ಮೊದಲು ಆ ಜಾಗ ತುಂಬುವ ಇನ್ನೊಂದನ್ನು ಸಿದ್ಧ ಮಾಡಿಟ್ಟುಕೊಳ್ಳುತ್ತಿದ್ದರು.

ಚಪ್ಪರ ಹಾಕಿದ ಮನೆಯಲ್ಲಿ

ದೇವರ ವಿಷಯಕ್ಕಿಂತಲೂ ಕಷ್ಟವಾದದ್ದು ಮನೆಯ ಕಟ್ಟಲೆಗಳು. ಮೈನೆರೆಯುವ ಮೊದಲೇ ಹೆಣ್ಣುಮಕ್ಕಳಿಗೆ ತಾಳಿ ಕಟ್ಟಿಸುವ ‘ತಾಳಿಕೆಟ್ಟು ಕಲ್ಯಾಣ’ ಎಂಬ ಶಾಸ್ತ್ರವಿತ್ತು. ಅದು ನಿಜವಾದ ಮದುವೆಯಲ್ಲ, ಮದುವೆ ಮತ್ತೆ ಬೇರೆಯೇ ಆಗಬೇಕು. ಮೈನೆರೆದಾಗ ಒಂದು ಊಟ, ಬಸಿರಾದಾಗ ಇನ್ನೊಂದು ಊಟ. ಹೀಗೆ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿ ನಾಲ್ಕಾರು ಸಲ ಚಪ್ಪರ ಏಳಬೇಕು. ಸಾಲ ಮಾಡಿಯಾದರೂ ಊರಿಗೆ ಊಟ ಹಾಕಿಸದಿದ್ದರೆ ಮನೆತನದ ಮಾನ ಹೋಯಿತೆಂದು ಭಾವಿಸುವ ಕಾಲವದು. ಗುರುಗಳು ಈ ಪದ್ಧತಿ ಬೇಡವೆಂದು ಹೇಳಿ ಸುಮ್ಮನಾಗಲಿಲ್ಲ. ಚಪ್ಪರ ಹಾಕಿ ಸಿದ್ಧವಾಗಿದ್ದ ಮನೆಗೇ ಹೋಗಿ, ಮನೆಯವರನ್ನು ಒಪ್ಪಿಸಿ ತಾಳಿಕೆಟ್ಟು ನಿಲ್ಲಿಸಿದ ಪ್ರಸಂಗ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ.

ಇಲ್ಲಿಯೂ ಗುರುಗಳು ಜಾಗ ಖಾಲಿ ಬಿಡಲಿಲ್ಲ. ಮದುವೆಗೆ ಸರಳವಾದ ಹೊಸ ವಿಧಿಯನ್ನು ಅವರೇ ಹಾಕಿಕೊಟ್ಟರು. ವಧೂವರರು, ಅವರ ತಂದೆತಾಯಿ, ಒಬ್ಬೊಬ್ಬ ಜೊತೆಗಾರರು, ಪುರೋಹಿತರು, ಊರಿನ ಒಂದಿಬ್ಬರು ಗಣ್ಯರು, ಹೀಗೆ ಹತ್ತು ಜನರ ಆಸುಪಾಸಿನಲ್ಲಿ ಮದುವೆ ಮುಗಿಯಬಹುದೆಂದರು. ನೂರಾರು ಎಲೆಯ ಊಟ ಹಾಕಿ ಮೂರು ವರ್ಷ ಬಡ್ಡಿ ಕಟ್ಟುವ ಮನೆಗೆ ಈ ಒಂದು ಮಾತಿನಿಂದ ಎಷ್ಟು ಉಳಿತಾಯವಾಗುತ್ತಿತ್ತು ಎಂಬುದನ್ನು ಲೆಕ್ಕ ತಿಳಿದವರು ಊಹಿಸಬಹುದು.

ಮೈಸೂರು ಸೀಮೆಯ ನಂಟು

ಈ ಚಳವಳಿಗೆ ಕನ್ನಡ ನಾಡಿನೊಂದಿಗೂ ಹಳೆಯ ಸಂಬಂಧವಿದೆ. ವೈದ್ಯ ಪದವಿ ಪಡೆದರೂ ಈಳವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದ ಡಾ. ಪಿ. ಪಲ್ಪು ಅವರಿಗೆ ಉದ್ಯೋಗ ಕೊಟ್ಟದ್ದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದಾಗ ಜೀವದ ಹಂಗು ತೊರೆದು ದುಡಿದವರಲ್ಲಿ ಅವರೂ ಒಬ್ಬರು. ಅದಕ್ಕೆ ಎರಡು ವರ್ಷ ಮೊದಲೇ, 1896ರಲ್ಲಿ, 13,176 ಮಂದಿ ಈಳವರ ಸಹಿಯಿದ್ದ ಮನವಿಯನ್ನು ತಿರುವಾಂಕೂರು ಮಹಾರಾಜರಿಗೆ ಸಲ್ಲಿಸಿದವರೂ ಅವರೇ. ಗುರುಗಳ ಶಿಷ್ಯ, ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಸಂಸ್ಕೃತ ಓದಿದ್ದು ಡಾ. ಪಲ್ಪು ಅವರ ಆಶ್ರಯದಲ್ಲಿ ಬೆಂಗಳೂರಿನಲ್ಲೇ. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಸ್ಥಾಪನೆಯಾದಾಗ ಗುರುಗಳು ಅಧ್ಯಕ್ಷರಾದರು, ಆಶಾನ್ ಕಾರ್ಯದರ್ಶಿಯಾದರು.

ಯೋಗಂನ ಎರಡನೆಯ ವಾರ್ಷಿಕೋತ್ಸವ 1905ರಲ್ಲಿ ಕೊಲ್ಲಂನಲ್ಲಿ ನಡೆದಾಗ ಅದರ ಜೊತೆಗೆ ಕೈಗಾರಿಕಾ ಪ್ರದರ್ಶನವನ್ನೂ ಏರ್ಪಡಿಸಲಾಗಿತ್ತು. ಸಮಾಜದ ಸಮ್ಮೇಳನಕ್ಕೂ ಯಂತ್ರ, ಕರಕುಶಲ ವಸ್ತುಗಳಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಕುಲಕಸುಬಿನ ಪ್ರಶ್ನೆ

ಗುರುಗಳು ಕೈಹಾಕಿದ ಅತ್ಯಂತ ಕಠಿಣ ವಿಷಯವೆಂದರೆ ಹೆಂಡ. 1920ರ ತಮ್ಮ ಜನ್ಮದಿನದ ಸಂದೇಶದಲ್ಲಿ, ಮದ್ಯವು ವಿಷ, ಅದನ್ನು ತಯಾರಿಸಬಾರದು, ಕೊಡಬಾರದು, ಕುಡಿಯಬಾರದು ಎಂದು ಅವರು ಸಾರಿದರು. ಕುಡಿಯಬೇಡಿ ಎನ್ನುವುದು ಎಲ್ಲ ಸಂತರೂ ಹೇಳುವ ಮಾತು. ತಯಾರಿಸಬೇಡಿ ಎಂದು ಹೇಳಿದ್ದು ಮಾತ್ರ ದೊಡ್ಡ ಸಾಹಸ. ಏಕೆಂದರೆ ಈಳವರಲ್ಲೂ ತುಳುನಾಡಿನ ಬಿಲ್ಲವರಲ್ಲೂ ಅಸಂಖ್ಯಾತ ಕುಟುಂಬಗಳ ಅನ್ನ ತಾಳೆ, ತೆಂಗಿನ ಮರದ ತುದಿಯಲ್ಲಿತ್ತು. ಮೂರ್ತೆ ಬಿಟ್ಟರೆ ಮನೆಯ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಮೂರ್ತೆಯ ಕತ್ತಿಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಕ್ಷೌರದ ಕತ್ತಿಗಳಾದಾವು, ಆ ಕೆಲಸ ಇದಕ್ಕಿಂತ ಮೇಲು ಎಂಬರ್ಥದ ಮಾತನ್ನು ಗುರುಗಳು ಆಡಿದ್ದರೆಂದು ಹೇಳುತ್ತಾರೆ. ಯಾವ ದುಡಿಮೆಯೂ ಕೀಳಲ್ಲ, ಬೇರೆ ದುಡಿಮೆ ಹುಡುಕಿರಿ ಎಂಬುದು ಅದರ ತಾತ್ಪರ್ಯ. ಕೈಗಾರಿಕಾ ಪ್ರದರ್ಶನದ ಹಿಂದೆಯೂ ಇದೇ ಚಿಂತನೆಯಿತ್ತು.

ಈ ವಿಷಯದಲ್ಲಿ ಗುರುಗಳಿಗೆ ಪೂರ್ಣ ಜಯ ಸಿಕ್ಕಿತೆಂದು ಹೇಳಲಾಗದು. ಸಂದೇಶ ಬಂದು ನೂರು ವರ್ಷ ದಾಟಿದರೂ ಕರಾವಳಿಯಲ್ಲಿ ಮೂರ್ತೆ ಇದೆ, ಮೂರ್ತೆದಾರರ ಸಹಕಾರಿ ಸಂಘಗಳೂ ಇವೆ. ಆದರೆ ಬಹುಪಾಲು ಕುಟುಂಬಗಳು ಆ ಕಸುಬಿನಿಂದ ಹೊರಬಂದವು. ಅವುಗಳನ್ನು ಹೊರತಂದದ್ದು ಶಾಲೆ ಮತ್ತು ಬೇರೆ ಉದ್ಯೋಗ. ಹಗಲು ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತ ಹುಡುಗರ ತಲೆಮಾರು ಇದಕ್ಕೆ ಸಾಕ್ಷಿ. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಗುರು ನಾರಾಯಣರ ಹೆಸರಿನಲ್ಲೇ ರಾತ್ರಿ ಹೈಸ್ಕೂಲು ನಡೆಸಿತು. 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪನೆಯಾಯಿತು. ಮರ ಹತ್ತಿದವರ ಮೊಮ್ಮಕ್ಕಳು ಕೌಂಟರಿನ ಒಳಗೆ ಕುಳಿತದ್ದು ಹೀಗೆ.

ಕುದ್ರೋಳಿಯಲ್ಲಿ

ಮಂಗಳೂರಿನ ಬಿಲ್ಲವರ ಪರಿಸ್ಥಿತಿಯೂ ಈಳವರಿಗಿಂತ ಭಿನ್ನವಾಗಿರಲಿಲ್ಲ. ಹೊಯ್ಗೆಬಜಾರಿನ ಕೊರಗಪ್ಪನವರ ನೇತೃತ್ವದಲ್ಲಿ ಸಮಾಜದ ಹಿರಿಯರು ಗುರುಗಳನ್ನು ಕಂಡು ಮಂಗಳೂರಿಗೆ ಆಹ್ವಾನಿಸಿದರು. ಗುರುಗಳು ಬಂದು ಕುದ್ರೋಳಿಯಲ್ಲಿ ಸ್ಥಳ ಆರಿಸಿ, 1912ರಲ್ಲಿ ಶ್ರೀ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಸಮಾಜದವರೇ ಅರ್ಚಕರಾದರು.

ಗುರುಗಳು ಏನು ಮಾಡಿದರು ಎಂಬುದರಷ್ಟೇ ಏನನ್ನು ಮುಟ್ಟಲಿಲ್ಲ ಎಂಬುದೂ ಮುಖ್ಯ. ತುಳುನಾಡಿನ ಗರಡಿಗಳು, ಕೋಟಿ-ಚೆನ್ನಯರ ಆರಾಧನೆ, ಭೂತಕೋಲಗಳು ಹಾಗೆಯೇ ಉಳಿದವು. ಕುದ್ರೋಳಿ ಕ್ಷೇತ್ರ ಅವುಗಳ ಪಕ್ಕದಲ್ಲಿ ಬೆಳೆಯಿತು. ಒಂದು ಸಮಾಜದ ಎಲ್ಲ ಬೇರುಗಳನ್ನೂ ಒಮ್ಮೆಲೇ ಅಲುಗಿಸಿದರೆ ಮರವೇ ಒಣಗುತ್ತದೆ. ಇದೇ ಕ್ಷೇತ್ರ ಮುಂದೆ ಶ್ರೀ ಬಿ. ಜನಾರ್ದನ ಪೂಜಾರಿಯವರ ಮುತುವರ್ಜಿಯಿಂದ ಜೀರ್ಣೋದ್ಧಾರಗೊಂಡು 1991ರಲ್ಲಿ ರಾಜೀವ ಗಾಂಧಿಯವರಿಂದ ಉದ್ಘಾಟನೆಗೊಂಡಿತು. 2013ರಲ್ಲಿ ಇಬ್ಬರು ವಿಧವೆಯರನ್ನು ಇಲ್ಲಿ ಅರ್ಚಕರನ್ನಾಗಿ ನೇಮಿಸಿದಾಗ ದೇಶವೇ ತಿರುಗಿ ನೋಡಿತು. 1912ರಲ್ಲಿ ಇಟ್ಟ ಹೆಜ್ಜೆಯ ಮುಂದಿನ ಹೆಜ್ಜೆಗೆ ಒಂದು ಶತಮಾನವೇ ಬೇಕಾಯಿತು.

ತಮ್ಮವರೇ ದೂರವಾದಾಗ

ಗುಡಿ ಕಟ್ಟಿಕೊಟ್ಟ ಗುರುಗಳೇ 1917ರ ಹೊತ್ತಿಗೆ, ಇನ್ನು ಗುಡಿ ಕಟ್ಟುವುದು ಸಾಕು, ಶಾಲೆಯೇ ಮುಖ್ಯ ದೇವಾಲಯವಾಗಲಿ ಎಂದರು. ಗುಡಿಯ ಹೆಮ್ಮೆಯಲ್ಲಿದ್ದವರಿಗೆ ಈ ಮಾತು ಸುಲಭವಾಗಿ ರುಚಿಸುವಂಥದ್ದಲ್ಲ. ಅದಕ್ಕೂ ಮೊದಲೇ, 1916ರ ಮೇ ತಿಂಗಳಲ್ಲಿ, ಡಾ. ಪಲ್ಪು ಅವರಿಗೆ ಗುರುಗಳು ಬರೆದ ಪತ್ರ ಇಂದಿನ ಸಂಘ-ಸಂಸ್ಥೆಗಳ ಪದಾಧಿಕಾರಿಗಳೆಲ್ಲ ಗಮನಿಸಬೇಕಾದದ್ದು. ಯೋಗಂನ ನಿರ್ಣಯಗಳು ತಮ್ಮ ಅರಿವಿಗೆ ಬಾರದೆ ಆಗುತ್ತಿವೆ, ಅದರಲ್ಲಿ ಜಾತಿಯ ಅಭಿಮಾನ ಹೆಚ್ಚುತ್ತಿದೆ, ಮನಸ್ಸಿನಿಂದ ಮೊದಲೇ ಬಿಟ್ಟಿದ್ದ ಯೋಗಂ ಅನ್ನು ಈಗ ಮಾತಿನಿಂದಲೂ ಕೃತಿಯಿಂದಲೂ ಬಿಡುತ್ತಿದ್ದೇವೆ ಎಂಬುದು ಅದರ ಸಾರಾಂಶ. ತಮ್ಮದೇ ಹೆಸರು ಹೊತ್ತ ಸಂಸ್ಥೆಯಿಂದ ಗುರುಗಳು ಹೀಗೆ ದೂರ ಸರಿಯಬೇಕಾಯಿತು. ಜಾತಿಯನ್ನು ದಾಟಲೆಂದು ಕಟ್ಟಿದ ಸಂಸ್ಥೆ ಜಾತಿಯಲ್ಲೇ ನಿಂತುಬಿಟ್ಟಿತೆಂಬ ನೋವು ಅದರಲ್ಲಿದೆ.

1917ರಲ್ಲಿ ಗುರುಗಳ ತರುಣ ಶಿಷ್ಯ ಅಯ್ಯಪ್ಪನ್ ಚೆರಾಯಿಯಲ್ಲಿ ಪುಲಯರೊಂದಿಗೆ ಸಹಪಂಕ್ತಿ ಭೋಜನ ಏರ್ಪಡಿಸಿದರು. ಮೇಲ್ಜಾತಿಯವರು ತಮ್ಮನ್ನು ದೂರವಿಟ್ಟರೆಂದು ದೂರುತ್ತಿದ್ದ ಈಳವರೇ ಅಯ್ಯಪ್ಪನ್ ಅವರಿಗೆ ಬಹಿಷ್ಕಾರ ಹಾಕಿದರು, ‘ಪುಲಯ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಗುರುಗಳು ಮಾತ್ರ ಆ ಯುವಕನ ಬೆನ್ನಿಗೆ ನಿಂತರು. ಕ್ರಿಸ್ತನಂತೆ ತಾಳ್ಮೆಯಿಂದಿರು ಎಂದು ಬುದ್ಧಿ ಹೇಳಿದರು. ಗುರುಗಳಿಗೂ ಇದು ಒಪ್ಪಿಗೆಯಿಲ್ಲ ಎಂಬ ಗಾಳಿಮಾತು ಹರಡಿದಾಗ, ಸಹಭೋಜನ, ಅಂತರ್ಜಾತಿ ವಿವಾಹಗಳಲ್ಲಿ ದೋಷವಿಲ್ಲವೆಂದು ಬರೆದು ಸಹಿ ಹಾಕಿಕೊಟ್ಟರು. ಮುಂದೆ ಹೋಗುವ ಕಿರಿಯರನ್ನು ಹಿರಿಯರ ಸಿಟ್ಟಿಗೆ ಬಲಿಕೊಡದಿರುವುದು ನಾಯಕನ ಕರ್ತವ್ಯವೆಂಬುದಕ್ಕೆ ಇದು ಉದಾಹರಣೆ.

ಕಲ್ಲಿನಿಂದ ಕನ್ನಡಿಗೆ

ಪ್ರತಿಷ್ಠೆಗಳ ಸಾಲನ್ನು ನೋಡಿದರೆ ಗುರುಗಳ ನಡಿಗೆಯ ಹದ ತಿಳಿಯುತ್ತದೆ. 1888ರಲ್ಲಿ ಕಲ್ಲು. 1920ರಲ್ಲಿ ಕಾರಮುಕ್ಕಿನಲ್ಲಿ ವಿಗ್ರಹದ ಬದಲು ದೀಪ. 1922ರಲ್ಲಿ ಮುರುಕ್ಕುಂಪುಳದಲ್ಲಿ ಸತ್ಯ, ಧರ್ಮ, ದಯೆ, ಶಾಂತಿ ಎಂಬ ಅಕ್ಷರಗಳು. 1927ರಲ್ಲಿ ಚೇರ್ತಲ ಬಳಿಯ ಕಳವಂಕೋಡದಲ್ಲಿ ಕನ್ನಡಿ. ಕಳವಂಕೋಡದಲ್ಲಿ ಊರು ಎರಡು ಪಾಲಾಗಿತ್ತು. ಹಿರಿಯರಿಗೆ ವಿಗ್ರಹ ಬೇಕು, ಯುವಕರಿಗೆ ಬೇಡ. ಗುರುಗಳು ಎರಡು ಪಕ್ಷವನ್ನೂ ಕೇಳಿ ಕನ್ನಡಿಯನ್ನು ತರಿಸಿದರು. ಕೈಮುಗಿಯುವವರಿಗೆ ಗರ್ಭಗುಡಿಯೂ ಉಳಿಯಿತು, ಅದರಲ್ಲಿ ಕಾಣುವುದು ಅವರದೇ ಮುಖವೂ ಆಯಿತು. ಈ ಕನ್ನಡಿಯನ್ನು 1888ರಲ್ಲೇ ಇಟ್ಟಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಜನ ಅಲ್ಲಿಗೆ ತಲುಪಲು ಮೂವತ್ತೊಂಬತ್ತು ವರ್ಷ ಬೇಕಾಯಿತು. ಅಷ್ಟು ಕಾಲ ಅವರು ಜನರ ಜೊತೆಯಲ್ಲೇ ನಡೆದರು. 1928ರ ಸೆಪ್ಟೆಂಬರ್ 20ರಂದು ಶಿವಗಿರಿಯಲ್ಲಿ ಸಮಾಧಿಸ್ಥರಾದರು. ತಿರುವಾಂಕೂರಿನ ದೇವಸ್ಥಾನಗಳು ಎಲ್ಲ ಹಿಂದೂಗಳಿಗೂ ತೆರೆದದ್ದು ಅದಾಗಿ ಎಂಟು ವರ್ಷಗಳ ನಂತರ, 1936ರಲ್ಲಿ.

ಇಂದು ಹೊರನಾಡಿನ ಕನ್ನಡ ಸಂಘಗಳ ಮುಂದೆಯೂ ಬದಲಾವಣೆಯ ಪ್ರಶ್ನೆ ನಿಂತಿದೆ. ಸಭಾಗೃಹದ ಮುಂದಿನ ಸಾಲುಗಳಲ್ಲಿ ನರೆತ ತಲೆಗಳೇ ಹೆಚ್ಚು. ಮನೆಯಲ್ಲಿ ತುಳು, ಕನ್ನಡ ಕೇಳಿ ಬೆಳೆದರೂ ಕನ್ನಡ ಓದಲು ಬಾರದ ಮಕ್ಕಳು ಸಂಘದ ಕರೆಯೋಲೆಯನ್ನು ಹಾಗೆಯೇ ಮಡಚಿಡುತ್ತಾರೆ. ಯುವ ವಿಭಾಗದವರು ಹೊಸತೇನಾದರೂ ಮಾಡಹೊರಟರೆ ಇದು ನಮ್ಮ ಪದ್ಧತಿಯಲ್ಲ ಎಂಬ ಮಾತು ಮಹಾಸಭೆಯಲ್ಲಿ ಏಳುತ್ತದೆ. ಹಿರಿಯರ ಆತಂಕವೂ ಸುಳ್ಳಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದ ಸಂಸ್ಥೆ ಕೈತಪ್ಪಿ ಹೋದೀತೆಂಬ ಭಯ ಅವರದು.

ಗುರುಗಳಾಗಿದ್ದರೆ ಹಿರಿಯರ ಭಜನೆಯನ್ನು ನಿಲ್ಲಿಸುತ್ತಿರಲಿಲ್ಲ, ಕಿರಿಯರನ್ನು ಗದರಿಸುತ್ತಲೂ ಇರಲಿಲ್ಲ. ಭಜನೆಯ ಪಕ್ಕದ ಕೋಣೆಯಲ್ಲಿ ಕನ್ನಡ ಅಕ್ಷರ ಕಲಿಸುವ ತರಗತಿ ತೆರೆದು, ಅದರ ಹೊಣೆಯನ್ನು ಒಬ್ಬ ತರುಣನಿಗೆ ವಹಿಸಿ, ಯಾರಾದರೂ ಆಕ್ಷೇಪವೆತ್ತಿದಾಗ ಅವನ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತಿದ್ದರೇನೋ. ಮುಂದಿನ ಜಯಂತಿಯಂದು ಗುರುಗಳ ಭಾವಚಿತ್ರಕ್ಕೆ ಹಾರ ಹಾಕುವ ಪದಾಧಿಕಾರಿಗಳು ಇಷ್ಟನ್ನು ಯೋಚಿಸಿದರೂ ಸಂಘಕ್ಕೆ ಒಳಿತಾಗುತ್ತದೆ.