ಅರಿಯಲೂರಿನ ಸುಣ್ಣಕಲ್ಲಿನಲ್ಲಿ ಉಳಿದ ಕಡಲು

ತಮಿಳುನಾಡಿನ ಅರಿಯಲೂರು ಬಂಗಾಳಕೊಲ್ಲಿಯ ದಡದಿಂದ ಎಂಬತ್ತು ಕಿಲೋಮೀಟರಿನಷ್ಟು ಒಳನಾಡಿನಲ್ಲಿದ್ದರೂ, ಅದರ ಸುತ್ತಲಿನ ಸುಣ್ಣಕಲ್ಲಿನ ಗಣಿಗಳಲ್ಲಿ ಕಡಲಿನ ಸಿಂಪಿಗಳು ಪದರಪದರವಾಗಿ ಒತ್ತಿಕೊಂಡು ಕುಳಿತಿವೆ. ಇವು ಕ್ರಿಟೇಷಿಯಸ್ ಯುಗದ, ಅಂದರೆ 14.5 ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಹಬ್ಬಿದ ಕಾಲಾವಧಿಯ ಪಳೆಯುಳಿಕೆಗಳು. ದಕ್ಷಿಣದ ಭೂಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನ ಎಂಬ ಮಹಾಖಂಡವು ಒಡೆದು ಭಾರತದ ಪೂರ್ವದ ಅಂಚು ಬಿರಿದಾಗ ಕಾವೇರಿ ಕೊಳ್ಳದ ತಗ್ಗು ಉಂಟಾಯಿತು. ಆ ಯುಗದಲ್ಲಿ ಸಮುದ್ರದ ಮಟ್ಟವೂ ಇಂದಿಗಿಂತ ಬಹಳ ಎತ್ತರದಲ್ಲಿದ್ದುದರಿಂದ ನೀರು ಈ ತಗ್ಗಿಗೆ ಮತ್ತೆ ಮತ್ತೆ ನುಗ್ಗಿ, ಹಿಂದೆ ಸರಿದು, ಪ್ರತಿ ಬಾರಿಯೂ ತನ್ನ ಕೆಸರನ್ನು ಬಿಟ್ಟುಹೋಯಿತು.

ಸುಣ್ಣಕಲ್ಲು ಪಳೆಯುಳಿಕೆಗಳನ್ನು ಹೊತ್ತುಕೊಂಡಿರುವ ಬರಿಯ ಪೆಟ್ಟಿಗೆಯಲ್ಲ, ಬಹುಪಾಲು ಅದೇ ಜೀವಿಗಳ ಅವಶೇಷ. ಸಿಂಪಿ, ಹವಳ, ಸುಣ್ಣ ಕಟ್ಟುವ ಪಾಚಿ ಮತ್ತು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಕಡಲ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್ಮನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟಿನ ಕವಚ ಕಟ್ಟಿಕೊಳ್ಳುತ್ತವೆ. ಅವು ಸತ್ತ ಮೇಲೆ ಆ ಕವಚಗಳು ಇಡಿಯಾಗಿಯೂ ಚೂರಾಗಿಯೂ ತಳದಲ್ಲಿ ರಾಶಿಬಿದ್ದು, ಮೇಲಿನ ಪದರಗಳ ಭಾರಕ್ಕೆ ಅಮುಕಿ, ಕರಗಿ ಮತ್ತೆ ಹರಳುಗಟ್ಟಿದ ಸುಣ್ಣದಿಂದಲೇ ಬೆಸೆದು ಕಲ್ಲಾಗುತ್ತವೆ.

ಆದರೆ ಈ ಕಲ್ಲು ಎಲ್ಲವನ್ನೂ ಒಂದೇ ಬಗೆಯಲ್ಲಿ ಕಾಪಾಡುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟು ಕ್ಯಾಲ್ಸೈಟ್ ಮತ್ತು ಅರಗೊನೈಟ್ ಎಂಬ ಎರಡು ಹರಳು ರೂಪಗಳಲ್ಲಿ ಕವಚವಾಗುತ್ತದೆ. ಮೊದಲನೆಯದು ಗಟ್ಟಿಯಾಗಿ ನಿಲ್ಲುತ್ತದೆ, ಎರಡನೆಯದು ಅಂತರ್ಜಲದಲ್ಲಿ ಸುಲಭವಾಗಿ ಕರಗುತ್ತದೆ. ಸುಮಾರು 7 ಕೋಟಿ ವರ್ಷ ಹಳೆಯದಾದ ಇಲ್ಲಿನ ಕಲ್ಲಂಕುರಿಚಿ ಸುಣ್ಣಕಲ್ಲಿನಲ್ಲಿ ಗ್ರೈಫಿಯಾ ಗುಂಪಿನ ದಪ್ಪ ಸಿಂಪಿಗಳು ಬೆಳವಣಿಗೆಯ ಗೆರೆಗಳ ಸಮೇತ ಉಳಿದಿರುವುದಕ್ಕೆ ಅವುಗಳ ಕ್ಯಾಲ್ಸೈಟ್ ಕವಚವೇ ಕಾರಣ. ಸುರುಳಿ ಚಿಪ್ಪಿನ ಅಮೊನೈಟುಗಳದು ಅರಗೊನೈಟ್ ಕವಚವಾದ್ದರಿಂದ, ಹಲವೆಡೆ ಚಿಪ್ಪು ಕರಗಿಹೋಗಿ ಒಳಗೆ ತುಂಬಿದ್ದ ಕೆಸರಿನ ಅಚ್ಚು ಮಾತ್ರ ಸಿಗುತ್ತದೆ. ಹಾಗಾಗಿ ಯಾವ ಜೀವಿ ಹೆಚ್ಚಾಗಿ ಸಿಗುತ್ತದೆಯೋ ಅದೇ ಹೆಚ್ಚಾಗಿ ಬದುಕಿತ್ತೆಂದು ಹೇಳುವ ಮೊದಲು ಕಲ್ಲಿನ ಈ ಪಕ್ಷಪಾತವನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಈ ಸೀಮೆಯ ಪಳೆಯುಳಿಕೆಗಳು 1840ರ ದಶಕದಲ್ಲೇ ವಿದ್ವಾಂಸರ ಗಮನಕ್ಕೆ ಬಂದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಚ್. ಎಫ್. ಬ್ಲಾನ್‌ಫರ್ಡ್ ಇಲ್ಲಿನ ಸ್ತರಗಳನ್ನು ವಿಂಗಡಿಸಿದ ಮೇಲೆ, 1862ರಲ್ಲಿ ಅದೇ ಸಂಸ್ಥೆ ಸೇರಿದ ಫರ್ಡಿನಾಂಡ್ ಸ್ಟೊಲಿಚ್ಕ ಈ ಪಳೆಯುಳಿಕೆಗಳನ್ನು ವರ್ಣಿಸಿ ದೊಡ್ಡ ಸಂಪುಟಗಳನ್ನೇ ಹೊರತಂದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನಿ ಎಲ್. ರಾಮರಾವ್ ಅವರು 1936ರಲ್ಲಿ ಯೂಲಿಯಸ್ ಪಿಯಾ ಅವರೊಡನೆ, ಇದೇ ಸೀಮೆಯ ನಿನಿಯೂರಿನ ಸುಣ್ಣಕಲ್ಲಿನಲ್ಲಿದ್ದ ಪಾಚಿಗಳ ಅಧ್ಯಯನವನ್ನು ಪ್ರಕಟಿಸಿದರು. ಪಾಚಿಗೆ ಬಿಸಿಲು ಬೇಕು. ಅದು ಸಿಕ್ಕ ಕಡೆ ಕಡಲು ಬೆಳಕು ತಳ ಮುಟ್ಟುವಷ್ಟು ಆಳವಿಲ್ಲದ್ದಾಗಿತ್ತೆಂದು ತಿಳಿಯುತ್ತದೆ. ಬಾಗಲಕೋಟೆಯ ಸೀಮೆಯಲ್ಲೂ ಸುಣ್ಣಕಲ್ಲು ಉಂಟಾದರೂ, ಅದು ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕಿಂತ ಬಹಳ ಹಿಂದಿನದಾದ್ದರಿಂದ, ಅಲ್ಲಿ ಕಾಣುವುದು ಸೂಕ್ಷ್ಮಜೀವಿಗಳ ಚಾಪೆಗಳು ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ಪದರಗಳ ಗುಬುಟು ಮಾತ್ರ.

ಅರಿಯಲೂರಿನ ಕಡಲು ಕಣ್ಣಿಗೆ ಬೀಳುವಂತಾದದ್ದು ಬಹಳಮಟ್ಟಿಗೆ ಗಣಿಗಾರಿಕೆಯಿಂದಲೇ, ಏಕೆಂದರೆ ಬಯಲಿನ ಮಣ್ಣಿನಡಿ ಮುಚ್ಚಿದ್ದ ಪದರಗಳನ್ನು ಗಣಿಯ ಕಡಿದಾದ ಗೋಡೆಗಳು ಒಟ್ಟಿಗೆ ತೆರೆದು ತೋರಿಸುತ್ತವೆ. ಆದರೆ ಹಾಗೆ ತೆರೆದ ಕಲ್ಲು ಹೋಗುವುದು ಸಿಮೆಂಟಿನ ಗೂಡಿಗೆ. ಜೀವಿಗಳು ಚಿಪ್ಪಿನಲ್ಲಿ ಹಿಡಿದಿಟ್ಟಿದ್ದ ಇಂಗಾಲವು ಅಲ್ಲಿ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಸೇರಿ, ಕ್ಯಾಲ್ಸಿಯಮ್ಮು ಸಿಮೆಂಟಿನ ಪುಡಿಯಲ್ಲಿ ಉಳಿಯುತ್ತದೆ. ಒಂದು ಸಿಂಪಿ ಯಾವ ಪದರದಲ್ಲಿ, ಯಾವುದರ ಜೊತೆ, ಯಾವ ಭಂಗಿಯಲ್ಲಿ ಬಿದ್ದಿತ್ತೆಂಬುದನ್ನು ಗೋಡೆ ನಿಂತಿರುವಾಗಲೇ ದಾಖಲಿಸಬೇಕು. ಆ ನಂತರ ದೊರೆತ ಬಿಡಿ ಚಿಪ್ಪಿನಿಂದ ಜೀವಿಯ ಹೆಸರು ತಿಳಿದೀತು, ಅದು ಬದುಕಿದ ಕಡಲಿನ ಕತೆ ತಿಳಿಯುವುದು ಕಷ್ಟ.