ಮುಪ್ಪಿನಲ್ಲಿಯೂ ಶಿಷ್ಯತ್ವ

ವಯಸ್ಸು ಅರವತ್ತು ದಾಟಿತು, ಇನ್ನು ಕಲಿಯುವುದೇನಿದೆ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಅಂಥವರಿಗೆ ನಾವು ಅಗಸ್ತ್ಯ ಮಹರ್ಷಿಗಳನ್ನು ನೆನಪಿಸುತ್ತೇವೆ. ಸಮುದ್ರವನ್ನೇ ಆಪೋಶನಗೈದ ಆ ಮಹಾತಪಸ್ವಿಗಳು ಶ್ರೀ ಜಗದ್ಗುರು ರೇಣುಕಾಚಾರ್ಯರ ಮುಂದೆ ಶಿಷ್ಯರಾಗಿ ಕುಳಿತು ಕೇಳಿದ್ದರಿಂದಲೇ ಶ್ರೀ ಸಿದ್ಧಾಂತ ಶಿಖಾಮಣಿಯ ಬೋಧೆ ನಮಗೆ ದೊರೆಯಿತು.

ಪ್ರತಿನಿತ್ಯ ಪಾರಾಯಣ ಮಾಡುತ್ತೇವಲ್ಲ ಎನ್ನುವವರಿದ್ದಾರೆ. ಪಾರಾಯಣ ಪುಣ್ಯಪ್ರದವೇ ಸರಿ. ಆದರೆ ಬಾಯಿಪಾಠವಾದದ್ದನ್ನು ನಾಲಿಗೆ ತಾನಾಗಿಯೇ ನುಡಿಯುತ್ತದೆ, ಮನಸ್ಸು ಸಂತೆಯಲ್ಲಿರುತ್ತದೆ! ಅರ್ಥವಾಗದ ಶ್ಲೋಕದೆದುರು ತಿಣುಕಿದಾಗಲೇ ಬುದ್ಧಿಗೆ ಸಾಣೆ. ಹೊಸದನ್ನು ಕಲಿಯುವಾಗ ಮುಪ್ಪಿನಲ್ಲಿಯೂ ಮಿದುಳಿನ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಏರ್ಪಡುತ್ತವೆಂದು ವೈದ್ಯವಿಜ್ಞಾನವೂ ಹೇಳುತ್ತದೆ. ಓದಿದವರಿಗೆ ಮರೆವಿನ ರೋಗ ಬಾರದೆಂದು ಇದರರ್ಥವಲ್ಲ. ಆ ರೋಗ ಬಂದವರನ್ನು ಓದಲಿಲ್ಲವೆಂದು ಹಳಿಯುವುದೂ ಸಲ್ಲದು.

ಶಿಖಾಮಣಿಯಲ್ಲಿ ಅಂಗಸ್ಥಲಗಳು 44, ಲಿಂಗಸ್ಥಲಗಳು 57, ಒಟ್ಟು 101. ತಿಂಗಳಿಗೊಂದು ಸ್ಥಲವನ್ನು ಅರ್ಥಸಹಿತ ಓದಿ, ಕೊನೆಯ ದಿನ ಪುಸ್ತಕ ಮುಚ್ಚಿಟ್ಟು ಮೊಮ್ಮಕ್ಕಳಿಗೆ ವಿವರಿಸಬೇಕು. ಅವರು ಮರುಪ್ರಶ್ನೆ ಹಾಕುತ್ತಾರೆ, ಹಾಕಲಿ. ಹೀಗೆ ಇದು 8 ವರ್ಷ 5 ತಿಂಗಳ ಪಾಠ. ಕಣ್ಣು ಮಂಜಾದವರಿಗೆ ಮನೆಯವರು ಓದಿ ಹೇಳಬೇಕು. ಹಿರಿಯರನ್ನು ಟೀವಿಯ ಮುಂದೆ ಕೂರಿಸಿದರೆ ಕರ್ತವ್ಯ ತೀರಿತೆಂದು ಮಕ್ಕಳು ತಿಳಿಯಬಾರದು. ಶ್ರಾವಣಕ್ಕೆ ಕಾಯಬೇಕಿಲ್ಲ, ಬರುವ ಸೋಮವಾರವೇ ಪಿಂಡಸ್ಥಲದಿಂದ ತೊಡಗಬಹುದು.